ನಾಲ್ಕು ಬೆರಳು

ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ
ಬಾಲ್ಟಿಕ್ ಕಡಲಿಗೆ ಇಳಿಬಿಡುತ್ತಾಳೆ ಗುನ್ವೋರ್.
ಕಾಣುವಷ್ಟು ಹೊತ್ತು ಅದು ಬರೀ ತಟ್ಟೆ,
ಕಾಣದಾದ ಗಳಿಗೆಯೇ ಲೆಕ್ಕ.
ಹಗ್ಗದ ಗಂಟು ಎಣಿಸಿ, ಒದ್ದೆ ಬೆರಳಲ್ಲೇ ಬರೆಯುತ್ತಾಳೆ:
ಎರಡು ಮೀಟರ್ ಹತ್ತು.
ಅವಳಪ್ಪ ಇದೇ ಬಂಡೆಯ ಪಕ್ಕ ದೋಣಿ ನಿಲ್ಲಿಸಿ
ಐದು ಮೀಟರ್ ಎಂಬತ್ತು ಎಂದು ಬರೆದಿದ್ದ.
ಆ ಪುಟಕ್ಕೆ ಮೀನಿನ ಹುರುಪೆಯೊಂದು
ಇನ್ನೂ ಅಂಟಿಕೊಂಡಿದೆ.

ನಾನು ತುರ್ಕು ಪಟ್ಟಣದಲ್ಲಿ ಕಡತ ಕೂಡಿಸುವವನು.
ನಾಲ್ಕು ಇಲಾಖೆ, ನಾಲ್ಕು ಕಪಾಟು,
ನಾಲ್ಕು ಬೇರೆ ಬೇರೆ ಬೀಗದಕೈ.
ಹೊಲದವರು ಹೇಳಿದರು: ನಮ್ಮದು ಮಿತಿಯೊಳಗೆ.
ಮೀನು ಸಾಕುವವರು: ನಮ್ಮದೂ.
ಚರಂಡಿಯವರು ಮಾತಾಡದೆ
ಠಸ್ಸೆ ಒತ್ತಿದ ಕಾಗದ ಚಾಚಿದರು.
ಹಡಗಿನವರು ಕಾಗದ ಆಮೇಲೆ ಕಳಿಸುತ್ತೇವೆಂದರು,
ಅದೂ ಮಿತಿಯೊಳಗೇ ಇರಲಿದೆಯೆಂದರು.
ಯಾರೂ ಸುಳ್ಳಾಡಲಿಲ್ಲ.
ಜುಲೈಯಲ್ಲಿ ಕಡಲು ಮಾತ್ರ
ಗುರುವಾರದ ಬಟಾಣಿ ಸಾರಿನಂತೆ ಹಸಿರಾಗಿ, ಮಂದವಾಗಿ
ದಡಕ್ಕೆ ಬಂದು ನಿಂತಿತು.
ನಾಯಿಗಳನ್ನು ನೀರಿಗೆ ಬಿಡಬೇಡಿ ಎಂದು ಫಲಕ ನೆಟ್ಟರು.
ಫಲಕ ನೆಡುವುದು ಐದನೆಯ ಇಲಾಖೆ.

ಆ ಚಳಿಗಾಲವಿಡೀ ನಾನು ಮಾಡಿದ್ದು ಇಷ್ಟೇ.
ಒಬ್ಬರದು ಹೆಕ್ಟೇರಿಗೆ ಕಿಲೋ,
ಒಬ್ಬರದು ಲೀಟರಿಗೆ ಮಿಲಿಗ್ರಾಂ,
ಒಬ್ಬರದು ವರ್ಷಕ್ಕೆ ಟನ್ನು,
ಇನ್ನೊಬ್ಬರದು ‘ಸಾಧಾರಣ’.
ಸೇರು ಪಾವು ಕೊಳಗ ಕಲಸಿಹೋದ ಅಂಗಡಿಯನ್ನು
ಒಂದೇ ತಕ್ಕಡಿಗೆ ತಂದೆ.
ಮೂರು ಗಂಟೆಗೆಲ್ಲ ಕತ್ತಲಾಗುತ್ತಿತ್ತು.
ಕೊನೆಯ ಸಾಲಿಗೆ ಮೊತ್ತ ಬಂದಾಗ
ಎದ್ದು, ಆ ಚಳಿಯಲ್ಲೂ, ಕಿಟಕಿ ತೆರೆದೆ.

ಎಲ್ಲರಿಗೂ ಒಂದೇ ಮೇಜು ಹಾಕಿದ ದಿನ
ಕುರ್ಚಿ ಸಾಲಲಿಲ್ಲ.
ಎಲೋಫ್ ಎಂಬ ರೈತ ಗೋಡೆಗೊರಗಿ ನಿಂತೇ ಹೇಳಿದ:
‘ಅವನ ಬಲೆಯ ಪಾಪವನ್ನೂ
ನನ್ನ ನೇಗಿಲಿಗೆ ಕಟ್ಟಬೇಡಿ.’
ಮೀನಿನವರ ಲೆಕ್ಕಪತ್ರದ ಹೆಂಗಸು,
ಅಲ್ಲಿಯವರೆಗೆ ಕಾಫಿ ಕಲಕುತ್ತಿದ್ದವಳು, ಕೇಳಿದಳು:
ನಮ್ಮಲ್ಲಿ ಒಂದು ಕಿಲೋ ರಂಜಕ ತಡೆಯುವ ದುಡ್ಡಿಗೆ
ಅವರಲ್ಲಿ ಎಷ್ಟು ಕಿಲೋ ತಡೆಯಬಹುದು?
ಪಟ್ಟಿ ನನ್ನ ಕೈಲಿತ್ತು. ಒಂಬತ್ತು, ಎಂದೆ.
ಎಷ್ಟೋ ವರ್ಷದಿಂದ ಆ ಪ್ರಶ್ನೆ
ಕೂರಲು ಜಾಗವಿಲ್ಲದೆ ಹೊರಗೇ ನಿಂತಿತ್ತು.

ಸೆಪ್ಟೆಂಬರಿನಲ್ಲಿ ಎಲೋಫನ ಕಪ್ಪು ಮಣ್ಣಿನ ಮೇಲೆ
ಮೀನಿನ ದುಡ್ಡಿನ ಜಿಪ್ಸಮ್ ಬಿತ್ತು,
ಹೊತ್ತಿಗೆ ಮುಂಚೆ ಬಂದ ಹಿಮದಂತೆ.
ದಕ್ಷಿಣಕ್ಕೆ ಹೊರಟ ಕೊಕ್ಕರೆಗಳು
ಇಳಿಯಲೋ ಬೇಡವೋ ಎಂದು ಎರಡು ಸುತ್ತು ಹಾಕಿ
ಮುಂದೆ ಹೋದವು.

ಮೂರನೆಯ ಬೇಸಿಗೆ ಗುನ್ವೋರ್ ಬರೆದಳು:
ಎರಡು ಮೀಟರ್ ಮೂವತ್ತೊಂದು.
ಹೆಚ್ಚುಕಡಿಮೆ ಒಂದು ಗೇಣು!
ಮಂತ್ರಿಯ ಭಾಷಣ ಅಚ್ಚಿಗೆ ಹೋಯಿತು.
ರಾತ್ರಿ ಅವಳದೇ ಫೋನು:
‘ಏಪ್ರಿಲಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ.
ಆ ಗೇಣಿನಲ್ಲಿ ಕಡಲಿನದೆಷ್ಟು, ಡಾಕ್ಟರದೆಷ್ಟು,
ನನಗೆ ಗೊತ್ತಿಲ್ಲ. ಹೊಡೆದುಹಾಕು.’

ಹೊಡೆದುಹಾಕಿದೆ. ಮೇಲಿನಿಂದ ಬಂದ ಮಾತುಗಳು ಇಲ್ಲಿ ಬೇಡ.
ಮರುದಿನ ಹೊಸ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ
ಹಳೆಯ ಮಬ್ಬುಗಣ್ಣಿನಿಂದಲೇ ಅಳೆದಳು:
ಎರಡು ಮೀಟರ್ ಹದಿನೇಳು.
ಏಳು ಸೆಂಟಿಮೀಟರ್.
ನಾಲ್ಕು ಬೆರಳ ಅಗಲ.
ನಾಲ್ಕು ಇಲಾಖೆಗೆ ಮೂರು ವರ್ಷಕ್ಕೆ
ತಲೆಗೊಂದು ಬೆರಳು, ಎಂದು ನಕ್ಕಳು.
ಆ ವರ್ಷ ಮಳೆ ಕಡಿಮೆ, ಅದನ್ನೂ ಬರಿ, ಎಂದಳು.

ಎಡಗಣ್ಣಿಗೆ ಆಸ್ಪತ್ರೆ ಕೊಟ್ಟ ತಾರೀಕನ್ನು
ಎರಡು ಸಲ ಮುಂದೂಡಿದ್ದಾಳೆ.
ಪಕ್ಕದ ದ್ವೀಪದ ಹುಡುಗಿ ತೂವಾಳ ಕಣ್ಣು
ತನ್ನದರ ಜೊತೆ ತಾಳೆಯಾಗುವವರೆಗೆ
ಹಳೆಯ ಅಳತೆಗೋಲು ಮುರಿಯಬಾರದಂತೆ.
ಈಗ ದೋಣಿಯಲ್ಲಿ ಇಬ್ಬರೂ ಬಗ್ಗುತ್ತಾರೆ.
‘ನನಗೆ ಹೋಯಿತು. ನಿನಗೆ?’
‘ಇನ್ನೂ ಇದೆ.’
‘ಈಗ?’
‘ಇದೆ.’
‘ಸುಳ್ಳು ಹೇಳಬೇಡ.’
‘ಇದೆ, ಅಜ್ಜಿ. ಹಗ್ಗ ಬಿಡು.’